ಆನ್‌ಲೈನ್‌ನಲ್ಲಿ ಕತೆ ಬರೆಯೋದು ಕಲಿಸಲು ಒಪ್ಪಿಕೊಂಡೆ, ಈಗ ಕೈಕಾಲು ಆಡುತ್ತಿಲ್ಲ

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ನನಗೀಗ 63. ಮೂವತ್ತು ವರ್ಷದಿಂದ ಕತೆ ಬರೆಯುತ್ತಿದ್ದೇನೆ. ಅದರಲ್ಲಿ ಅರ್ಧ ಕಾಲ ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ ಕೂಡ. ಎಲ್ಲ ಎದುರುಬದುರು ಕೂತು. ಸುತ್ತಲೂ ಕುರ್ಚಿ, ಮಧ್ಯೆ ಹಾಳೆಗಳ ರಾಶಿ, ನನ್ನ ಕೈಯಲ್ಲೊಂದು ಪೆನ್ಸಿಲ್. ಈಗ ಒಂದು ಬಳಗದವರು ಎಂಟು ವಾರದ ತರಗತಿಯನ್ನು ಆನ್‌ಲೈನ್‌ನಲ್ಲಿ ಮಾಡಿಕೊಡಿ ಎಂದರು. ಫೋನಿನಲ್ಲಿ ಕೇಳಿದಾಗ ಏನೂ ಅನ್ನಿಸಲಿಲ್ಲ, ಹೂಂ ಎಂದುಬಿಟ್ಟೆ. ಹದಿನಾಲ್ಕು ಜನ ಹೆಸರು ಕೊಟ್ಟಿದ್ದಾರೆ. ವಾರಕ್ಕೊಮ್ಮೆ ಒಂದೂವರೆ ಗಂಟೆ. ಶುರುವಾಗಲು ಹತ್ತೇ ದಿನ ಉಳಿದಿದೆ.

ನನ್ನ ಮಟ್ಟ ಎಷ್ಟು ಅಂತ ಮೊದಲೇ ಹೇಳಿಬಿಡುತ್ತೇನೆ. ಮೊದಲ ಕರಡು ಇವತ್ತಿಗೂ ಪೆನ್ನಿನಲ್ಲೇ. ಟೈಪ್ ಮಾಡಲು ಬರುತ್ತದೆ, ಮೇಲ್ ಕಳಿಸಲು ಬರುತ್ತದೆ. ಅಷ್ಟೇ. ಮೊನ್ನೆ ಅಕ್ಕನ ಮಗಳು ಜೂಮ್ ಹಾಕಿಕೊಟ್ಟಳು. ಅವಳೂ ಅವಳ ಇಬ್ಬರು ಗೆಳತಿಯರೂ ವಿದ್ಯಾರ್ಥಿಗಳ ಹಾಗೆ ಕೂತರು. ನಾನು ಎರಡು ಪುಟ ಕತೆ ಓದಿದೆ. ಓದುವಾಗ ಮೂವರೂ ಜೋರಾಗಿ ಕೈ ಬೀಸುತ್ತಿದ್ದರು. ಈಗಿನವರು ಮೆಚ್ಚುಗೆಯನ್ನು ಹೀಗೆ ತೋರಿಸುತ್ತಾರೇನೋ ಎಂದುಕೊಂಡು ಇನ್ನಷ್ಟು ಭಾವ ತುಂಬಿ ಓದಿದೆ. ಮ್ಯೂಟ್ ಆಗಿತ್ತಂತೆ.

ನಗುನಗುತ್ತಾ ಬರೆದೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಗುಂಡಿ ಒತ್ತೋದನ್ನು ಹೇಗೋ ಕಲಿತೇನು. ಭಯ ಇರೋದು ಬೇರೆ ಕಡೆ. ಯಾರಾದರೂ ಕತೆ ಓದುವಾಗ ನಾನು ಓದುವವರನ್ನು ನೋಡುವುದಿಲ್ಲ, ಕೇಳುತ್ತಾ ಕೂತವರನ್ನು ನೋಡುತ್ತೇನೆ. ಯಾವ ವಾಕ್ಯಕ್ಕೆ ಯಾರು ಕಾಲು ಅಲ್ಲಾಡಿಸಿದರು, ಯಾರು ಕಿಟಕಿ ಕಡೆ ತಿರುಗಿದರು. ಕತೆ ಎಲ್ಲಿ ಸಡಿಲವಾಯಿತು ಅಂತ ಅದರಲ್ಲೇ ಗೊತ್ತಾಗುತ್ತದೆ. ಅಂಚೆಚೀಟಿಯಷ್ಟು ಮುಖಗಳಲ್ಲಿ ನಾನು ಏನನ್ನು ನೋಡಲಿ? ಅದರಲ್ಲೂ ಅರ್ಧ ಜನ ಕ್ಯಾಮೆರಾ ಆಫ್ ಮಾಡಿಕೊಂಡಿರುತ್ತಾರಂತೆ. ಇನ್ನು ಹಸ್ತಪ್ರತಿ ತಿದ್ದೋದು ಹೇಗೆ? ನಾನು ಮಾರ್ಜಿನ್‌ನಲ್ಲಿ ಗೀಚುವವಳು.

ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ಹೇಳಿ. "ತುಂಬಾ ಸುಲಭ, ಚಿಕ್ಕ ಮಕ್ಕಳೂ ಮಾಡ್ತಾರೆ" ಅಂತ ಮಾತ್ರ ದಯವಿಟ್ಟು ಅನ್ನಬೇಡಿ.

ಕರಡುಪ್ರತಿ:

ನೀಲಿಶಾಯಿಯವರೇ, ಸುಲಭ ಅಲ್ಲ. ನಾಲ್ಕು ವರ್ಷದಿಂದ ಕವಿತೆಯ ತರಗತಿ ನಡೆಸುತ್ತಿದ್ದೇನೆ. ಶುರುವಾಗುವ ಐದು ನಿಮಿಷ ಮೊದಲು ಇವತ್ತಿಗೂ ಅಂಗೈ ಬೆವರುತ್ತದೆ.

ಎಲ್ಲವನ್ನೂ ಕಲಿಯಲು ಹೋಗಬೇಡಿ. ಮ್ಯೂಟ್, ಸ್ಕ್ರೀನ್ ಶೇರ್, ಚಾಟ್. ಈ ಮೂರು ಬಂದರೆ ಸಾಕು. ತಡವಾಗಿ ಬಂದವರನ್ನು ಒಳಗೆ ಬಿಡೋದು, ಹಿಂದೆ ಮಿಕ್ಸಿ ಸದ್ದು ಬರುತ್ತಿರುವವರನ್ನು ಮ್ಯೂಟ್ ಮಾಡೋದು, ಇದೆಲ್ಲ ನಿಮ್ಮ ಕೆಲಸ ಅಲ್ಲ. ವಿದ್ಯಾರ್ಥಿಗಳಲ್ಲೇ ಒಬ್ಬರಿಗೆ ಒಪ್ಪಿಸಿ. ಕರೆಯನ್ನು ನಡೆಸುವವರಿಗೆ ಹೋಸ್ಟ್ ಅನ್ನುತ್ತಾರೆ. ಹಣ ಕಟ್ಟಿದ ಜೂಮ್ ಖಾತೆಯಾದರೆ ಅವರನ್ನು ಕೋ-ಹೋಸ್ಟ್, ಅಂದರೆ ಹೋಸ್ಟ್‌ನ ಜೊತೆಗಾರರನ್ನಾಗಿ ಮಾಡಬಹುದು. ಉಚಿತ ಖಾತೆಯಾದರೆ ಹೋಸ್ಟ್ ಜಾಗವನ್ನೇ ಅವರಿಗೆ ಬಿಟ್ಟುಕೊಡಿ. ಕಲಿಸುವವರೇ ಹೋಸ್ಟ್ ಆಗಿರಬೇಕು ಅಂತ ಯಾರು ಹೇಳಿದರು?

ಬಳಗದವರು ಯಾವ ಖಾತೆ ಕೊಡುತ್ತಾರೆ ಅಂತ ಇವತ್ತೇ ಕೇಳಿಕೊಳ್ಳಿ. ಉಚಿತ ಜೂಮ್ 40 ನಿಮಿಷಕ್ಕೆ ಮುಚ್ಚಿಕೊಳ್ಳುತ್ತದೆ. ಉಚಿತ ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ 60 ನಿಮಿಷ. ನನ್ನ ಮೊದಲ ತರಗತಿಯಲ್ಲಿ ಒಬ್ಬರು ಕವಿತೆಯ ಕೊನೆಯ ಸಾಲಿಗೆ ಬಂದಿದ್ದರು, ಆಗಲೇ ಪರದೆ ಬಿತ್ತು. ಆ ಸಾಲು ಏನಿತ್ತು ಅಂತ ನಾವು ಮುಂದಿನ ವಾರ ಕೇಳಿದೆವು. ಆಮೇಲೆ ಅದನ್ನೇ ಉಪಯೋಗಕ್ಕೆ ತಿರುಗಿಸಿಕೊಂಡೆ. 35ನೇ ನಿಮಿಷಕ್ಕೆ ಒಂದು ಅಭ್ಯಾಸ ಕೊಟ್ಟು ಎಲ್ಲರನ್ನೂ ಹೊರಗೆ ಕಳಿಸುತ್ತೇನೆ. ಕಾಲು ಗಂಟೆ ಕಾಗದದ ಮೇಲೆ ಬರೆದು, ಎರಡನೇ ಲಿಂಕ್‌ನಲ್ಲಿ ವಾಪಸ್ ಬರುತ್ತಾರೆ. ಎರಡು ಲಿಂಕನ್ನೂ ಮೊದಲೇ ಕಳಿಸಿರುತ್ತೇನೆ. ಪರದೆ ಎದುರು ಬರೆಯುವುದಕ್ಕಿಂತ ಚೆನ್ನಾಗಿ ಬರೆದುಕೊಂಡು ಬರುತ್ತಾರೆ.

ಒಂದೇ ಕೋಣೆಯಲ್ಲಿ ಲ್ಯಾಪ್‌ಟಾಪ್ ಮತ್ತು ಫೋನ್ ಎರಡರಿಂದಲೂ ಸೇರಬೇಡಿ. ಒಂದರ ಸ್ಪೀಕರ್ ದನಿ ಇನ್ನೊಂದರ ಮೈಕಿಗೆ ಹೋಗಿ ಕಿವಿ ಹರಿಯುವ ಸದ್ದು ಬರುತ್ತದೆ.

ಕೊನೆಗೆ, ಅನುಭವಿಸಿದ ಮಾತು: ಸ್ಕ್ರೀನ್ ಶೇರ್ ಮಾಡುವಾಗ ಇಡೀ ಪರದೆ ಆಯ್ಕೆ ಮಾಡಬೇಡಿ, ಬೇಕಾದ ವಿಂಡೋ ಒಂದನ್ನೇ ಆರಿಸಿ. ನಾನು ಇಡೀ ಪರದೆ ತೋರಿಸಿದ ದಿನ ಪಕ್ಕದಲ್ಲಿ ನನ್ನ ಟಿಪ್ಪಣಿಯೂ ತೆರೆದಿತ್ತು. ಅದರಲ್ಲಿ ಒಬ್ಬರ ಹೆಸರಿನ ಎದುರು "ಒಳ್ಳೆ ಮನುಷ್ಯ, ಕೆಟ್ಟ ಪ್ರಾಸ" ಎಂದು ಬರೆದುಕೊಂಡಿದ್ದೆ.

ನೇರಮಾತು:

ಕತೆ ಬರೆಯೋದನ್ನು ಎದುರಿಗೆ ಕೂರಿಸಿಕೊಂಡೇ ಕಲಿಸೋಕಾಗಲ್ಲ. ಆನ್‌ಲೈನ್‌ನಲ್ಲಿ ಏನು ಕಲಿಸ್ತೀರಿ. ಆರಾಮಾಗಿ ಬೇಡ ಅಂದುಬಿಡಿ.

ನೀಲಿಶಾಯಿ:

ನೇರಮಾತು ಅವರೇ, ನಿಮ್ಮ ಮೊದಲ ವಾಕ್ಯ ನಿಜ ಇರಬಹುದು. ಆದರೂ ಹದಿನೈದು ವರ್ಷ ಕಲಿಸಿದ್ದೇನಲ್ಲ. ಆಗದ ಕೆಲಸವನ್ನು ಇನ್ನೊಂದು ಕಡೆಯೂ ಮಾಡಿ ನೋಡುತ್ತೇನೆ.

ಕರಡುಪ್ರತಿಯವರೇ, ನಿಮ್ಮ ಕೆಟ್ಟ ಪ್ರಾಸದ ಒಳ್ಳೆ ಮನುಷ್ಯ ತರಗತಿ ಬಿಟ್ಟರಾ?

ಕರಡುಪ್ರತಿ:

ಇಲ್ಲ. ಪ್ರಾಸ ಬಿಟ್ಟರು.

ಪೆನ್ಸಿಲ್‌ತುದಿ:

ಹಸ್ತಪ್ರತಿ ವಿಷಯ ನಾನು ಹೇಳುತ್ತೇನೆ, ನನ್ನ ಕಸುಬೇ ಕರಡು ತಿದ್ದೋದು.

ಗೂಗಲ್ ಡಾಕ್ಸ್‌ನಲ್ಲಿ ತಿದ್ದುವಾಗ ನೇರವಾಗಿ ತಿದ್ದಬೇಡಿ. ಸಲಹೆ ಕೊಡುವ ಮೋಡ್ ಅಂತ ಒಂದಿದೆ, ಅದಕ್ಕೆ ಬದಲಾಯಿಸಿಕೊಳ್ಳಿ. ಆಗ ನೀವು ಹೊಡೆದು ಹಾಕಿದ್ದು ಅಳಿಸಿಹೋಗುವುದಿಲ್ಲ, ಮೇಲೊಂದು ಗೆರೆ ಬೀಳುತ್ತದೆ. ಬರೆದವರು ಒಪ್ಪಬಹುದು, ಬಿಡಬಹುದು. ಪಕ್ಕದಲ್ಲಿ ಟಿಪ್ಪಣಿಗೂ ಜಾಗ ಇದೆ. ಹೆಚ್ಚುಕಡಿಮೆ ನಿಮ್ಮ ಮಾರ್ಜಿನ್ನೇ.

ಆದರೆ ಒಂದು ಮಾತು. ಪೆನ್ಸಿಲ್‌ನಲ್ಲೇ ಯೋಚನೆ ಓಡುತ್ತದೆ ಅನ್ನುವುದಾದರೆ ಪೆನ್ಸಿಲ್ ಬಿಡಬೇಡಿ. ಪ್ರಿಂಟ್ ತೆಗೆಸಿ, ಗೀಚಿ, ಕಿಟಕಿ ಬೆಳಕಿನಲ್ಲಿ ಫೋನಿನಿಂದ ಫೋಟೊ ತೆಗೆದು ಕಳಿಸಿ. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಲೇಖಕರು ಈಗಲೂ ಅದನ್ನೇ ಕೇಳಿ ತರಿಸಿಕೊಳ್ಳುತ್ತಾರೆ. ಪೆನ್ಸಿಲ್ ಒತ್ತಿದ್ದು ನೋಡಿದರೇ ಎಷ್ಟು ಕೋಪ ಬಂದಿತ್ತು ಅಂತ ಗೊತ್ತಾಗುತ್ತದಂತೆ.

ಇನ್ನೊಂದು ತಲೆನೋವು ನಿಮಗೆ ಬಂದೇ ಬರುತ್ತದೆ. ಯಾರಾದರೊಬ್ಬರು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ನೀವು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಫೈಲ್ ಕೆಟ್ಟಿರುವುದಿಲ್ಲ, ನಿಮ್ಮ ಕಂಪ್ಯೂಟರೂ ಕೆಟ್ಟಿರುವುದಿಲ್ಲ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಕಡೆ ಮುಖವಾಡ ಕಳಚಿ ಬೀಳುತ್ತದೆ. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ವ್ಯವಸ್ಥೆ. ಅದರಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗ ಇದೆ. "ಯೂನಿಕೋಡ್‌ನಲ್ಲೇ ಕಳಿಸಿ" ಅಂತ ಮೊದಲ ಮೇಲ್‌ನಲ್ಲೇ ಬರೆದುಬಿಡಿ. ಹಳೆಯದನ್ನು ಬದಲಾಯಿಸಿಕೊಡುವ ಪರಿವರ್ತಕಗಳೂ ಇವೆ, ಆದರೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಲೇಬೇಕು.

ಹಿಂದಿನಬೆಂಚು:

ಮೇಡಂ, ನಾನು ಕ್ಯಾಮೆರಾ ಆಫ್ ಮಾಡಿಕೊಂಡು ಕೂರುವ ಜಾತಿ. ಆ ಕಡೆಯಿಂದ ಎರಡು ಮಾತು.

ಆಫ್ ಮಾಡೋದು ಅಗೌರವಕ್ಕಲ್ಲ. ಹಿಂದೆ ಯಾರೋ ಬಟ್ಟೆ ಮಡಚುತ್ತಿರುತ್ತಾರೆ. ನೆಟ್ ನಿಧಾನ ಇರುತ್ತದೆ, ವಿಡಿಯೊ ನಿಲ್ಲಿಸಿದರೆ ದನಿಯಾದರೂ ಸರಿಯಾಗಿ ಬರುತ್ತದೆ. ಕೆಲವು ಸಲ ಒಳ್ಳೆ ಕತೆ ಕೇಳಿ ಕಣ್ಣು ತುಂಬಿರುತ್ತದೆ, ಅದನ್ನು ಹದಿಮೂರು ಜನ ನೋಡೋದು ಬೇಡ ಅನ್ನಿಸುತ್ತದೆ. "ದಯವಿಟ್ಟು ಎಲ್ಲರೂ ಕ್ಯಾಮೆರಾ ಹಾಕಿ" ಎಂದು ಪ್ರತಿ ಸಲ ಹೇಳಿಸಿಕೊಂಡ ಒಂದು ತರಗತಿಯನ್ನು ಮೂರನೇ ವಾರಕ್ಕೆ ಬಿಟ್ಟೆ.

ನನ್ನ ಹೊಟ್ಟೆಪಾಡು ನೆಟ್‌ವರ್ಕ್ ಕೆಲಸ. ಹಾಗಾಗಿ ಮೌನದ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. ಹತ್ತು ಭಾಷೆಗಳ ಮಾತುಕತೆಯನ್ನು ಹೋಲಿಸಿದ ಒಂದು ಅಧ್ಯಯನ 2009ರಲ್ಲಿ ಬಂತು. ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು. ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಈಗ ಕರೆಯಲ್ಲಿ ನಿಮ್ಮ ದನಿ ಆ ಕಡೆ ತಲುಪಲು 150 ಮಿಲಿಸೆಕೆಂಡ್ ಹಿಡಿದರೆ ನಾವು ಅದನ್ನು ಒಳ್ಳೆಯ ಸಂಪರ್ಕ ಎನ್ನುತ್ತೇವೆ. ಹೋಗಲು 150, ಬರಲು 150. ಅವರು ಎಂದಿನ ಹಾಗೆ 200ರಲ್ಲೇ ಉತ್ತರಿಸಿದರೂ ನಿಮಗೆ ಮೌನ ಎರಡು ಪಟ್ಟಿಗಿಂತ ಉದ್ದವಾಗಿ ಕೇಳುತ್ತದೆ. ಇವರಿಗೆ ಇಷ್ಟ ಆಗಿಲ್ಲ ಅಂದುಕೊಳ್ಳುತ್ತೀರಿ. ಮೌನ ತುಂಬಲು ಬಾಯಿ ತೆಗೆಯುತ್ತೀರಿ. ಅದೇ ಹೊತ್ತಿಗೆ ಅವರ ಮಾತು ಬರುತ್ತದೆ. "ನೀವು ಹೇಳಿ", "ಇಲ್ಲ ಇಲ್ಲ ನೀವು ಹೇಳಿ". ಗೊತ್ತಲ್ವಾ ಆ ಫಜೀತಿ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಇಲ್ಲವೇ ಹೆಸರು ಹಿಡಿದು ಸರದಿ ಪ್ರಕಾರ ಕರೆಯಿರಿ. "ಯಾರಾದರೂ ಹೇಳಿ" ಎಂದರೆ ಯಾರೂ ಹೇಳಲ್ಲ.

ನೀಲಿಶಾಯಿ:

ಎರಡು ತರಗತಿ ಮುಗಿದವು. ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಮೊದಲ ದಿನ ಹತ್ತು ನಿಮಿಷ ಹಾಳಾಯಿತು. ಎಲ್ಲರಿಗೂ ಸರಿಯಾದ ಲಿಂಕ್ ಕಳಿಸಿ, ನಾನು ಮಾತ್ರ ಅಭ್ಯಾಸಕ್ಕೆ ಮಾಡಿಕೊಂಡಿದ್ದ ಹಳೆಯ ಲಿಂಕ್‌ನಲ್ಲಿ ಒಬ್ಬಳೇ ಕೂತಿದ್ದೆ. ಯಾರೂ ಬರಲಿಲ್ಲವಲ್ಲ ಅಂತ ಒಳಗೊಳಗೇ ಖುಷಿಯೂ ಆಗಿತ್ತು, ಸುಳ್ಳೇಕೆ ಹೇಳಲಿ. ಬಾಗಿಲು ಕಾಯುವ ಕೆಲಸವನ್ನು ವಿದ್ಯಾರ್ಥಿಯೊಬ್ಬರಿಗೆ ಕೊಟ್ಟಿದ್ದೆ. ಅವರೇ ಫೋನ್ ಮಾಡಿ ಕರೆದುಕೊಂಡು ಹೋದರು.

ಲ್ಯಾಪ್‌ಟಾಪ್ ಕೆಳಗೆ ನಿಘಂಟಿನ ಎರಡು ಸಂಪುಟ ಇಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತಂದೆ. ಮೊದಲು ಇಪ್ಪತ್ತು ನಿಮಿಷ ನನ್ನದೇ ತಲೆಗೂದಲು ನೋಡುತ್ತಾ ಕೂತಿದ್ದೆ. ಸ್ವಂತ ಮುಖ ಮರೆಮಾಡುವ ಆಯ್ಕೆ ಇದೆ ಅಂತ ಅಕ್ಕನ ಮಗಳು ಹೇಳಿದಳು. ಅದನ್ನು ಒತ್ತಿದ್ದೇ ಕುತ್ತಿಗೆ ಹಗುರಾಯಿತು. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಕರೆಯ ಸುಸ್ತಿಗೆ ಕೊಟ್ಟ ನಾಲ್ಕು ಕಾರಣಗಳಲ್ಲಿ ಇದೂ ಒಂದಂತೆ, ಹೊತ್ತೆಲ್ಲ ನಮ್ಮನ್ನೇ ನಾವು ನೋಡಿಕೊಳ್ಳೋದು. ದಿನವಿಡೀ ಕನ್ನಡಿ ಹಿಡಿದುಕೊಂಡು ಯಾರು ತಾನೇ ಪಾಠ ಮಾಡಿಯಾರು?

ಈಗ ಮುಖ್ಯ ವಿಷಯ. ಎರಡನೇ ದಿನ ಒಬ್ಬರು ಕತೆ ಓದಬೇಕಿತ್ತು. ಹಿಂದಿನಬೆಂಚು ಅವರ ಮಾತು ನೆನಪಾಯಿತು. ಓದು ಮುಗಿಯುವವರೆಗೆ ಎಲ್ಲರೂ ಕ್ಯಾಮೆರಾ ಆಫ್ ಮಾಡಿ ಎಂದೆ, ನಾನೂ ಮಾಡಿದೆ. ಬರೀ ದನಿ. ಓದಿ ಮುಗಿದ ಮೇಲೆ, ಕತೆ ಎಲ್ಲಿ ಕೈ ಬಿಟ್ಟಿತು ಅಂತ ಒಂದೇ ಸಾಲು ಚಾಟ್‌ನಲ್ಲಿ ಟೈಪ್ ಮಾಡಿ, ಆದರೆ ಕಳಿಸಬೇಡಿ ಎಂದೆ. ಮೂರು ನಿಮಿಷ ಬಿಟ್ಟು, "ಈಗ ಒತ್ತಿ" ಎಂದೆ. ಹದಿನಾಲ್ಕು ಸಾಲೂ ದಬದಬ ಬಂದು ಬಿದ್ದವು.

ಒಂಬತ್ತು ಜನ ಒಂದೇ ಜಾಗ ತೋರಿಸಿದ್ದರು. ಅಪ್ಪ ಬಾಗಿಲು ತೆರೆದು ಏನೂ ಹೇಳದೆ ಒಳಗೆ ಹೋಗುತ್ತಾನಲ್ಲ, ಕತೆ ಅಲ್ಲೇ ಮುಗಿದಿತ್ತು, ಆಮೇಲಿನ ಒಂದು ಪುಟ ಬೇಡ ಅಂತ. ಆ ಒಂಬತ್ತರಲ್ಲಿ ಒಂದು ಸಾಲು ಕತೆ ಬರೆದವರದೇ. ನಾನು ಗುರುತು ಹಾಕಿಕೊಂಡಿದ್ದ ಜಾಗ ಬೇರೆ, ಇನ್ನೂ ಮೊದಲಿನದು. ಅವರು ಹೇಳಿದ್ದೇ ಸರಿ.

ಕೋಣೆಯಲ್ಲಾಗಿದ್ದರೆ ಹೀಗಾಗುತ್ತಿರಲಿಲ್ಲ. ಧೈರ್ಯಸ್ಥರು ಒಬ್ಬರು ಮೊದಲು ಮಾತಾಡುತ್ತಿದ್ದರು, ಉಳಿದವರು ಅದಕ್ಕೇ ಜೋತು ಬೀಳುತ್ತಿದ್ದರು. ಅದಕ್ಕೂ ಮೊದಲು ಎಲ್ಲರೂ ಒಮ್ಮೆ ನನ್ನ ಮುಖ ನೋಡುತ್ತಿದ್ದರು. ನಾನು ಅವರ ಕಾಲು ನೋಡುತ್ತಿದ್ದೆ, ಅವರು ನನ್ನ ಹುಬ್ಬು ನೋಡುತ್ತಿದ್ದರು. ಇಷ್ಟು ವರ್ಷ ಅವರು ಕತೆಯ ಬಗ್ಗೆ ಹೇಳುತ್ತಿದ್ದರೋ ನನ್ನ ಹುಬ್ಬಿನ ಬಗ್ಗೆಯೋ ಅಂತ ಈಗ ಅನುಮಾನ ಬರುತ್ತಿದೆ. ಇದನ್ನು ಬರೆಯುವಾಗ ಸ್ವಲ್ಪ ಚುಚ್ಚುತ್ತದೆ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ತರಗತಿ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಆಡುವ ಮಾತು ಇಲ್ಲಿಲ್ಲ. ಕಾಲು ಗಂಟೆ ಲಿಂಕ್ ತೆರೆದೇ ಇಡುತ್ತೇನೆ. ಮೂರು ಜನ ಉಳಿದರು, ಏನು ಮಾತಾಡಬೇಕೋ ಯಾರಿಗೂ ತಿಳಿಯಲಿಲ್ಲ. ಮತ್ತೆ, ನಾನು ಓದಿದ ಒಂದು ಭಾಗದಲ್ಲಿ ಪಾತ್ರ ಪಿಸುಗುಟ್ಟುತ್ತದೆ. ನಾನೂ ಪಿಸುದನಿಯಲ್ಲೇ ಓದಿದೆ. ಆ ಎರಡು ಸಾಲು ಯಾರಿಗೂ ಕೇಳಿಸಿಲ್ಲ. ಯಾಕೆ?

ಇನ್ನೊಂದು ಪ್ರಶ್ನೆ. ಮುಂದಿನ ವಾರ ಬ್ರೇಕ್‌ಔಟ್ ರೂಮ್‌ನಲ್ಲಿ, ಅಂದರೆ ಕರೆಯೊಳಗಿನ ಪ್ರತ್ಯೇಕ ಪುಟ್ಟ ಕೋಣೆಗಳಲ್ಲಿ, ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸೋಣ ಅಂತ ಇದೆ. ಒಳಗೆ ಕಳಿಸೋದು ಗೊತ್ತಾಯಿತು. ವಾಪಸ್ ಕರೆಯೋದು ಹೇಗೆ? ಸುಮ್ನೆ ಕೂಗಿದರೆ ಕೇಳಿಸಲ್ಲ ಅಲ್ವಾ?

ಹಿಂದಿನಬೆಂಚು:

ಮೇಡಂ, ಪಿಸುದನಿ ಬಹುಶಃ ಜೂಮೇ ನುಂಗಿದೆ. ಫ್ಯಾನ್ ಸದ್ದು, ಕಾಗದದ ಸದ್ದು ಅಡಗಿಸಲು ಅದರಲ್ಲಿ ಒಂದು ವ್ಯವಸ್ಥೆ ಇದೆ. ಮೆಲುದನಿಯನ್ನೂ ಅದು ಗದ್ದಲ ಎಂದುಕೊಳ್ಳುತ್ತದೆ. ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಹಿನ್ನೆಲೆ ಸದ್ದು ತಗ್ಗಿಸುವ ಮಟ್ಟವನ್ನು ಕಡಿಮೆಗೆ ಇಡಿ. ಆಗ ನೀವು ಪುಟ ತಿರುಗಿಸುವುದೂ ಕೇಳಿಸುತ್ತದೆ. ನನಗಂತೂ ಅದು ಇಷ್ಟ.

ಕೂಗಿದರೆ ಕೇಳಿಸಲ್ಲ. ಎಲ್ಲ ರೂಮ್‌ಗಳನ್ನು ಮುಚ್ಚುವ ಗುಂಡಿ ಹೋಸ್ಟ್ ಕೈಯಲ್ಲಿರುತ್ತದೆ, ಬಾಗಿಲು ಕಾಯುವವರಿಗೆ ಹೇಳಿ. ಒತ್ತಿದ ಕೂಡಲೇ ಯಾರನ್ನೂ ಎಳೆದು ತರುವುದಿಲ್ಲ. ನೀವಾಗಿ ಬದಲಾಯಿಸದಿದ್ದರೆ 60 ಸೆಕೆಂಡ್ ಎಣಿಕೆ ಶುರುವಾಗುತ್ತದೆ. ಆಡುತ್ತಿದ್ದ ವಾಕ್ಯ ಮುಗಿಸಿಕೊಂಡು ಬರಲು ಅಷ್ಟು ಸಾಕು.