ಈಸಿಂಗ್ ಬ್ಲಾಕ್ ಸ್ಪಿನ್: ಉಷ್ಣ ಘಾತ 1 ಬರ್ತಾನೇ ಇಲ್ಲ

ಜಾಲರಿ64:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಈಸಿಂಗ್ ಮಾದರಿ (ಪ್ರತಿ ಬಿಂದುವಿನಲ್ಲೂ +1 ಅಥವಾ -1 ಸ್ಪಿನ್ ಇರೋ ಕಾಂತದ ಮಾದರಿ), ಚೌಕ ಜಾಲರಿ, 64×64, ಜೋಡಣೆ 0.4406868 (ಕಾಂತತೆ ಹುಟ್ಟೋ ಕ್ರಿಟಿಕಲ್ ಬಿಂದು), 2×2 ಬ್ಲಾಕ್, ಬಹುಮತ ನಿಯಮ (ನಾಲ್ಕು ಸ್ಪಿನ್ ಬದಲು, ಹೆಚ್ಚಿರೋ ಚಿಹ್ನೆಯ ಒಂದೇ ಸ್ಪಿನ್). ಭೌತವಿಜ್ಞಾನಿ ಸ್ವೆಂಡ್ಸನ್ 1979ರಲ್ಲಿ ಕೊಟ್ಟ ವಿಧಾನ: ಬ್ಲಾಕ್ ಮಾಡೋ ಮೊದಲಿನ, ಆಮೇಲಿನ ಸಹಸಂಬಂಧಗಳಿಂದ (ಸ್ಪಿನ್‌ಗಳು ಎಷ್ಟು ಒಟ್ಟಿಗೆ ಬದಲಾಗುತ್ತೆ ಅನ್ನೋ ಅಳತೆ) ಒಂದು ಮಾತೃಕೆ ಕಟ್ಟೋದು. ಅದರ ದೊಡ್ಡ ಐಗನ್ ಮೌಲ್ಯ 2, ಅಂದ್ರೆ ಉಷ್ಣ ಘಾತ (ಉಷ್ಣತೆಯ ಸಣ್ಣ ವ್ಯತ್ಯಾಸ ಪ್ರತಿ ಹಂತಕ್ಕೂ 2ರ ಎಷ್ಟನೇ ಘಾತದಷ್ಟು ಬೆಳೆಯುತ್ತೆ ಅನ್ನೋದು) 1 ಬರಬೇಕು. ಬ್ಲಾಕ್ ಮಾಡಿದಷ್ಟೂ ದೂರ ಹೋಗ್ತಿದೆ. ಕೋಡ್‌ನಲ್ಲಿ ತಪ್ಪಿಲ್ಲ.

ಕ್ಲಸ್ಟರ್‌ಪ್ರಿಯ:
ಮೆಟ್ರೊಪೊಲಿಸ್ (ಒಂದೊಂದೇ ಸ್ಪಿನ್ ತಿರುಗಿಸೋ ವಿಧಾನ) ತಾನೆ? ಕ್ರಿಟಿಕಲ್ ಬಿಂದುವಿನಲ್ಲಿ ಅದು ತೆವಳುತ್ತೆ. ವುಲ್ಫ್ (ಇಡೀ ಕ್ಲಸ್ಟರನ್ನೇ ಒಟ್ಟಿಗೆ ತಿರುಗಿಸೋದು) ಹಾಕಿ.

ಜಾಲರಿ64:
ವುಲ್ಫೇ ಹಾಕಿರೋದು ಸರ್.

ಕ್ಲಸ್ಟರ್‌ಪ್ರಿಯ:
ಹಾಗಾದ್ರೆ ಸಮತೋಲಕ್ಕೆ ಬಂದಿಲ್ಲ. ಮೊದಲ 10,000 ಕ್ಲಸ್ಟರ್ ಬಿಟ್ಟು ಅಳೀರಿ.

ತ್ರಿಕೋನ:
ಬಹುಮತ ಯಾಕೆ, ಡೆಸಿಮೇಷನ್ ಮಾಡಿ. ನಾಲ್ಕರಲ್ಲಿ ಒಂದು ಸ್ಪಿನ್ ಉಳಿಸ್ಕೊಳ್ಳೋದು, ಮುಗೀತು.

ಬೆಸಬ್ಲಾಕ್:
ದಯವಿಟ್ಟು ಬೇಡ. ಕ್ರಿಟಿಕಲ್ ಬಿಂದುವಿನಲ್ಲಿ ಸಹಸಂಬಂಧ ಅಂತರದ 1/4 ಘಾತದಲ್ಲಿ ಇಳಿಯುತ್ತೆ. ಡೆಸಿಮೇಷನ್‌ನಲ್ಲಿ ಪ್ರತಿ ಹಂತಕ್ಕೂ ಅದು 0.84 ಪಟ್ಟಾಗ್ತಾ ಹೋಗುತ್ತೆ, ಸ್ಥಿರ ಬಿಂದುವೇ (ಬ್ಲಾಕ್ ಮಾಡಿದ್ರೂ ಬದಲಾಗದ ಸ್ಥಿತಿ) ಸಿಗಲ್ಲ. ಜಾಲರಿಯವರೇ, 2–2 ಸಮ ಬಂದ ಬ್ಲಾಕ್‌ಗೆ ಏನು ಕೊಡ್ತೀರಿ?

ಜಾಲರಿ64:
ಮೊತ್ತ >= 0 ಇದ್ರೆ +1. ಎಲ್ಲರೂ ಹಾಗೇ ಅಲ್ವಾ?

ಬೆಸಬ್ಲಾಕ್:
ಅಲ್ಲೇ ಇದೆ ನೋಡಿ. 2×2 ಬ್ಲಾಕ್‌ನ 16 ವಿನ್ಯಾಸಗಳಲ್ಲಿ 6 ಸಮ. ಆರೂ ಪ್ಲಸ್ ಕಡೆ ಹೋದ್ರೆ 11 ಪ್ಲಸ್, 5 ಮೈನಸ್. 256×256 ಜಾಲರಿಯನ್ನು ಪೂರ್ತಿ ಯಾದೃಚ್ಛಿಕವಾಗಿ ತುಂಬಿ, ಒಂದು ಸಲ ಬ್ಲಾಕ್ ಮಾಡಿ ಸರಾಸರಿ ತೆಗೀರಿ. 0 ಬರೋ ಜಾಗದಲ್ಲಿ 0.375 ಬರುತ್ತೆ, ಎರಡನೇ ಸಲಕ್ಕೆ 0.81. ನೀವೇ ಕಾಂತಕ್ಷೇತ್ರ ಹಾಕಿದ ಹಾಗಾಯ್ತು. ಕ್ಷೇತ್ರದ ಘಾತ 15/8, ಉಷ್ಣದ್ದಕ್ಕಿಂತ ಜೋರು. ಅದಕ್ಕೇ ಹಂತ ಹಂತಕ್ಕೂ ಕೆಡ್ತಿದೆ.

ಸಮ ಬಂದಾಗ ನಾಣ್ಯ ಚಿಮ್ಮಿ. ಆದ್ರೆ ಒಂದು ವಿನ್ಯಾಸಕ್ಕೆ ಒಂದೇ ಸಲ. ಆ ಬ್ಲಾಕ್ ಜಾಲರಿಯನ್ನ ಅರೇನಲ್ಲಿ ಉಳಿಸಿಟ್ಟು ಎಲ್ಲ ಸಹಸಂಬಂಧಗಳನ್ನೂ ಅದರಿಂದಲೇ ತೆಗೀರಿ. ಪ್ರತಿ ಪದಕ್ಕೂ ಬ್ಲಾಕ್ ಫಂಕ್ಷನ್ ಮತ್ತೆ ಕರೆದ್ರೆ, ಒಂದೇ ಮಾತೃಕೆಯೊಳಗೆ ಬೇರೆ ಬೇರೆ ಜಾಲರಿಗಳು ಬೆರೆತುಹೋಗುತ್ತೆ.

ತ್ರಿಕೋನ:
3×3 ಬ್ಲಾಕ್‌ನಲ್ಲಿ ಸಮದ ಪ್ರಶ್ನೆಯೇ ಇಲ್ಲ. 81×81 ತಗೊಳ್ಳಿ.

ಕ್ಲಸ್ಟರ್‌ಪ್ರಿಯ:
ಸಮತೋಲ ಇನ್ನೊಮ್ಮೆ ನೋಡಿ ಅಂತ ನಾನೀಗಲೂ ಹೇಳ್ತೀನಿ.

ಜಾಲರಿ64:
0.374 ಬಂತು! ನಾಣ್ಯ ಹಾಕಿದ ಮೇಲೆ ಸರಾಸರಿ ಸೊನ್ನೆಯ ಆಸುಪಾಸು. ಘಾತವೂ ಈಗ ಜಾರ್ತಿಲ್ಲ, ಆದ್ರೆ ಮೊದಲ ಹಂತದಲ್ಲಿ 1ಕ್ಕಿಂತ ಸ್ವಲ್ಪ ಕಡಿಮೆಯೇ.

ಬೆಸಬ್ಲಾಕ್:
ಮಾತೃಕೆಯಲ್ಲಿ ಪಕ್ಕದ ಸ್ಪಿನ್‌ಗಳ ಜೋಡಿಯೊಂದನ್ನೇ ಇಟ್ಟಿದ್ದೀರಾ? ಕರ್ಣದ ಜೋಡಿ, ನಾಲ್ಕು ಸ್ಪಿನ್‌ಗಳ ಚೌಕ ಎರಡನ್ನೂ ಸೇರಿಸಿ. ಮೊದಲ ಹಂತವನ್ನ ನಂಬಬೇಡಿ, ಎರಡನೇದರ ಮೌಲ್ಯ ಇಲ್ಲಿ ಹಾಕಿ.