ಹಳೇ ಮನೆ ಬಳಗದಲ್ಲಿ ಹೊಗೆ

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು 'ಹಳೇ ಮನೆ ಬಳಗ'. ಗುಡ್ ಮಾರ್ನಿಂಗ್ ಹೂವು, ಮೆಕ್ಕೆಜೋಳದ ರೇಟು, ಯಾರದೋ ಗೃಹಪ್ರವೇಶದ ಕಾರ್ಡು ಬಿಟ್ಟರೆ ಅಲ್ಲಿ ಹೆಚ್ಚೇನೂ ಇರಲ್ಲ. ಹೋದ ಆಷಾಢದ ಒಂದು ಶನಿವಾರ ಮಾತ್ರ ಬೆಳಗ್ಗೆಯಿಂದ ಸಂಜೆವರೆಗೂ ಜಗಳ. ಅಡ್ಮಿನ್ ನಾನೇ. ಒಬ್ಬೊಬ್ಬರೇ ತಮ್ಮ ಮೆಸೇಜ್ ಅಳಿಸೋಕೆ ಶುರುಮಾಡೋ ಮುಂಚೆ ಎತ್ತಿಟ್ಟುಕೊಂಡಿದ್ದು ಇದು. ಹೆಸರಿನ ಬದಲು ಅವರು ನನಗೆ ಏನಾಗಬೇಕೋ ಅದನ್ನೇ ಹಾಕಿದೀನಿ.

ಹಿಂದಿನ ಕಥೆ ಇಷ್ಟು. ತಮ್ಮ ಡಲ್ಲಾಸ್ ಬಿಟ್ಟು ದಾವಣಗೆರೆಗೆ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ, ಮಾಂಸವನ್ನ ಹೊಗೆಯಲ್ಲಿ ಬೇಯಿಸೋ ಗ್ಯಾಸ್ ಸ್ಮೋಕರ್ ಒಂದನ್ನೂ ಹಡಗಿಗೆ ಹಾಕಿಸಿದ್ದ. ನೋಡೋಕೆ ಸಣ್ಣ ಬೀರು. ತಳದಲ್ಲಿ ಬರ್ನರ್, ಅದರ ಮೇಲೆ ಕಟ್ಟಿಗೆ ಚೂರಿನ ತಟ್ಟೆ, ಆಮೇಲೆ ನೀರಿನ ಬೋಗುಣಿ, ಅದರ ಮೇಲೆ ಜಾಲರಿಗಳು, ನೆತ್ತಿಯಲ್ಲಿ ಹೊಗೆ ಹೋಗೋ ಕಿಂಡಿ. ಹಿಂದಿನ ಭಾನುವಾರ ವಿದ್ಯಾನಗರದ ಮನೆ ಅಂಗಳದಲ್ಲಿ ಮೊದಲ ಸಲ ಹಚ್ಚಿದ್ದ. ಆಷಾಢದ ಗಾಳಿಗೆ ಎರಡು ಸಲ ಆರಿಹೋಯ್ತು. ಕೋಳಿ ಕಹಿ. ಭಾವ ಒಂದು ತುತ್ತಿಗೇ ಕೈ ತೊಳೆದುಕೊಂಡು ಹರಿಹರಕ್ಕೆ ಹೊರಟರು.

ಅಜ್ಜಿ, ಬೆಳಗ್ಗೆ 7:42
[ವಾಯ್ಸ್ ನೋಟ್, 3 ನಿಮಿಷ 12 ಸೆಕೆಂಡ್]

ಚನ್ನಗಿರಿ ಅತ್ತೆ, 7:43
[ಕೈಮುಗಿದ ಚಿತ್ರ]

ಹರಿಹರದ ಭಾವ, 7:43
[ಕೈಮುಗಿದ ಚಿತ್ರ] ಶುಭೋದಯ ಅಜ್ಜಿ

ನಾನು, 7:44
[ಕೈಮುಗಿದ ಚಿತ್ರ]

ಹರಿಹರದ ಭಾವ, 8:10
[ಹಲವು ಬಾರಿ ಫಾರ್ವರ್ಡ್ ಆಗಿದೆ]
ಗ್ಯಾಸ್ ಸ್ಮೋಕರ್ ಇದ್ದವರು ತಪ್ಪದೆ ಓದಿ!! ವಿಷದ ಹೊಗೆ ಬರುವುದು ಇದ್ದಿಲಿನಿಂದ ಮಾತ್ರ, ಗ್ಯಾಸಿನಿಂದ ಅಲ್ಲ. ಮಳೆ ಗಾಳಿ ಇದ್ದರೆ ಗ್ಯಾರೇಜಿನ ಒಳಗೆ ನಿಶ್ಚಿಂತೆಯಿಂದ ಬಳಸಿ. ಕಟ್ಟಿಗೆ ಚೂರು ರಾತ್ರಿಯಿಡೀ ನೆನೆಸಿಡಿ. ಮೇಲಿನ ಕಿಂಡಿ ಮುಚ್ಚಿದಷ್ಟೂ ರುಚಿ ಜಾಸ್ತಿ. ಕೋಳಿಯ ಒಳಗಿನ ಶಾಖ 165 ಬರಲಿ. ಹತ್ತು ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ.

ಹರಿಹರದ ಭಾವ, 8:11
ನೋಡಪ್ಪಾ, ನಾನು ಹೋದ ವಾರನೇ ಹೇಳಿದ್ದೆ. ನಾಳೆ ಶೆಡ್ಡಿನಾಗೆ ಹಚ್ಚು. ಗಾಳಿ ಕಾಟ ಇರಲ್ಲ.

ತಮ್ಮ, 8:15
ನಾನೂ ಅದೇ ಅನ್ಕೊಂಡೆ ಭಾವ. ಕಾರು ಆಚೆ ಹಾಕಿದ್ರೆ ಜಾಗ ಆಗುತ್ತೆ. ಸ್ಮೋಕರು, ಸಿಲಿಂಡರು ಎರಡೂ ಅಲ್ಲೇ ಇದಾವೆ.

ದೊಡ್ಡಪ್ಪ, 8:31
ಶೆಡ್ ಬ್ಯಾಡ.

ದೊಡ್ಡಪ್ಪ ಇಲ್ಲಿನ ಹತ್ತಿ ಮಿಲ್ಲೊಂದರಲ್ಲಿ ಬಾಯ್ಲರ್ ನೋಡಿಕೊಂಡಿದ್ದವರು. ಮಿಲ್ಲು ಮುಚ್ಚಿ ವರ್ಷಗಳಾದವು, ದೊಡ್ಡಪ್ಪನ ಬಾಯ್ಲರ್ ಇನ್ನೂ ಆರಿಲ್ಲ. ಎರಡೇ ಪದ ಬರೆದು ಸುಮ್ಮನಾಗೋದು ಅವರ ಪದ್ಧತಿ. ಅದಕ್ಕೇ ಭಾವನಿಗೆ ಸಿಟ್ಟು ಬರೋದು.

ಹರಿಹರದ ಭಾವ, 8:34
ಯಾಕ್ ಬ್ಯಾಡ ಹೇಳ್ರಿ ಮಾವ. ಅಡುಗೆಮನೆಯಾಗೆ ಗ್ಯಾಸ್ ಒಲೆ ದಿನಾ ಹಚ್ಚಲ್ವೇನು? ಅದೂ ಗ್ಯಾಸೇ, ಇದೂ ಗ್ಯಾಸೇ.

ದೊಡ್ಡಪ್ಪ, 8:47
ಒಲೆ ಉರಿ ನೀಲಿ. ನಾಲ್ಕೂ ಕಡೆಯಿಂದ ಗಾಳಿ ಸಿಗ್ತೈತೆ. ಸ್ಮೋಕರ್‌ನಾಗೆ ಕಟ್ಟಿಗೆ ಚೂರು ಉರಿತಾವೇನ್ರಿ ಅಳಿಯಂದ್ರೇ? ಉರಿಬಾರದು ಅಂತಾನೇ ಗಾಳಿ ಕಟ್ಟಿ ಕೂರಿಸೀರಿ. ಗಾಳಿ ಸಾಲದ ಬೆಂಕಿ ಏನ್ ಉಗುಳ್ತೈತೆ ಅಂತ ಡಾಕ್ಟರಮ್ಮನ್ನ ಕೇಳ್ರಿ.

ತಂಗಿ (ಚಿತ್ರದುರ್ಗ, ಡಾಕ್ಟರ್), 9:20
ಈಗ ನೋಡಿದೆ. ಭಾವ, ದೊಡ್ಡಪ್ಪ ಹೇಳಿದ್ದು ಸರಿ. ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯೋದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಅದರ ಮೇಲೆ 200 ಪಟ್ಟಿಗೂ ಹೆಚ್ಚು ಮೋಹ. ಹಿಡ್ಕೊಂಡ್ರೆ ಬೇಗ ಬಿಡಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು. ಗ್ಯಾಸ್ಟ್ರಿಕ್ ಅನ್ಕೊಂಡು ಅಲ್ಲೇ ಮಲಗಿದೋರು ಏಳಲ್ಲ.

ಹರಿಹರದ ಭಾವ, 9:24
ಕೋವಿಡ್ ಟೈಮಿನಾಗೆ ತಗೊಂಡ ಆಕ್ಸಿಮೀಟರ್ ಐತಲ್ಲ. ಎಲ್ರೂ ಬೆರಳಿಗೆ ಹಾಕ್ಕೊಂಡು ಕೂರಾಣ. ಇಳಿದ್ರೆ ಎದ್ದು ಆಚೆ ಬಂದ್ರಾತು.

ತಂಗಿ, 9:26
ಇಳಿಯಲ್ಲ ಭಾವ. ಕಾರ್ಬನ್ ಮಾನಾಕ್ಸೈಡ್ ಕೂತ ರಕ್ತಕ್ಕೂ ಆಮ್ಲಜನಕ ಕೂತ ರಕ್ತಕ್ಕೂ ಆ ಕ್ಲಿಪ್ಪಿಗೆ ವ್ಯತ್ಯಾಸ ಗೊತ್ತಾಗಲ್ಲ. ಮನುಷ್ಯ ಬೀಳ್ತಿದ್ರೂ ಅದು 98 ತೋರಿಸ್ತಿರುತ್ತೆ.

ಇದಾದ ಮೇಲೆ ಹನ್ನೊಂದು ನಿಮಿಷ ಗುಂಪು ಮೌನ. ಭಾವ ಟೈಪ್ ಮಾಡ್ತಾ ಇದ್ದರು, ನಿಲ್ಲಿಸ್ತಾ ಇದ್ದರು.

ಹರಿಹರದ ಭಾವ, 9:37
ಶಟರ್ ಅರ್ಧ ಎತ್ತಿರ್ತೀವಿ. ಮತ್ತೆ ಹಳ್ಳಿಯಾಗೆ ಅಜ್ಜಿ ಐವತ್ತು ವರ್ಷ ಹೊಗೆ ಕುಡ್ಕೊಂಡೇ ಅಡುಗೆ ಮಾಡಿಲ್ವಾ? ಏನಾಗೈತೆ? ನಮ್ಮೆಲ್ಲರಿಗಿಂತ ಗಟ್ಟಿ ಅದಾರೆ.

ನಾನು, 9:40
ಆ ಅಡುಗೆಮನೆಗೆ ಹೆಂಚಿನ ಮಾಡು, ನಡುವೆ ಬೆಳಕಿಂಡಿ ಇತ್ತು ಭಾವ. ಶೆಡ್ಡಿಗೆ ಆರ್‌ಸಿಸಿ, ಮೂರು ಕಡೆ ಗೋಡೆ. ನಾಲ್ಕನೇ ಕಡೆ ಶಟರ್. ಶೆಡ್ಡಿನ ಮಗ್ಗುಲಿಗೇ ಅಜ್ಜಿ ರೂಮು. ಕಿಟಕಿ ತೆಗೆಯೋದು ಶೆಡ್ಡಿನೊಳಕ್ಕೆ. ಇನ್ನು ಏನಾಗೈತೆ ಅಂದ್ರೆ, ರಾತ್ರಿ ಕೆಮ್ಮು ಕೇಳ್ಸಿಕೊಂಡೋರಿಗೆ ಗೊತ್ತು.

ಹರಿಹರದ ಭಾವ, 9:41
ಆತು ಬಿಡಮ್ಮಾ. ಅಂಗಳದಾಗೇ ಹಚ್ರಿ. ಹೋದ ವಾರದಂಗೆ ಬೇವಿನ ಕಷಾಯ ಕುಡ್ಸ್ರಿ.

ತಮ್ಮ, 9:50
ಕಹಿಯಾಗಿದ್ದು ಗಾಳಿಯಿಂದ ಅಲ್ಲ ಭಾವ, ನನ್ನ ತಪ್ಪು. ಹೊಗೆ ಹೊರಗೆ ಹೋಗಿ ದಂಡ ಆಗ್ತಿದೆ ಅಂತ ಮೇಲಿನ ಕಿಂಡಿ ಮುಚ್ಚಿಬಿಟ್ಟಿದ್ದೆ.

ದೊಡ್ಡಪ್ಪ, 9:58
ಹಂಗೆ ಹೇಳು ಮತ್ತೆ! ಮಿಲ್ಲಿನಾಗೆ ನಾವು ಒಳಗೆ ಬಗ್ಗಿ ನೋಡೋಕಿಂತ ಮುಂಚೆ ಅಂಗಳಕ್ಕೆ ಬಂದು ಚಿಮಣಿ ನೋಡ್ತಿದ್ವಿ. ದಟ್ಟ ಹೊಗೆ ಅಂದ್ರೆ ಬೆಂಕಿಗೆ ಉಸಿರು ಕಟ್ಟೈತೆ ಅಂತ. ತೆಳ್ಳಗೆ, ಕಂಡೂ ಕಾಣದಂಗೆ ಹೋದ್ರೆ ಬೆಂಕಿ ಸುಖವಾಗೈತೆ ಅಂತ. ನಿನ್ನ ಪೆಟ್ಟಿಗೆಯಿಂದ ಹೋದ ವಾರ ಮಂಡಕ್ಕಿ ಭಟ್ಟಿ ಥರ ಬರ್ತಿತ್ತು. ಅದು ಕೋಳಿ ಮ್ಯಾಲೆ ಟಾರಿನಂಗೆ ಕೂತೈತೆ. ಕಹಿ ಆಗ್ದೆ ಇನ್ನೇನು.

ತಮ್ಮ, 10:02
ಹೌದು ದೊಡ್ಡಪ್ಪ, ಅಲ್ಲಿ ಅವರು ತೆಳು ನೀಲಿ ಹೊಗೆ ಬರೋವರೆಗೂ ಮಾಂಸ ಒಳಗೆ ಇಡಲ್ಲ. ಚೂರು ನೆನೆಸಿದ್ದೂ ತಪ್ಪೇ. ನೆನೆದ ಚೂರಿನಿಂದ ಮೊದಲ ಅರ್ಧ ಗಂಟೆ ಬಂದಿದ್ದು ಬರೀ ಹಬೆ. ನಾನು ಹೊಗೆ ಬಂತು ಅಂತ ಖುಷಿಪಟ್ಟೆ.

ಚನ್ನಗಿರಿ ಅತ್ತೆ, 10:15
ನಮ್ಮನೆಯಾಗೆ ಅಡಿಕೆ ಸಿಪ್ಪೆ ರಾಶಿ ಬಿದ್ದೈತೆ. ಒಂದು ಚೀಲ ಕಳಿಸ್ಲಾ? ಸೂಳೆಕೆರೆ ಮೀನೂ ತರ್ತೀನಿ.

ತಮ್ಮ, 10:18
ಮೀನು ತನ್ನಿ ಅತ್ತೆ. ಸಿಪ್ಪೆ ಬೇಡ. ತೋಟದ ಹಳೇ ಮಾವಿನ ಕೊಂಬೆ, ಪ್ಯಾರಲ ಕೊಂಬೆ ಒಣಗಿದ್ದು ಇದ್ರೆ ಅದನ್ನ ತನ್ನಿ.

ಹರಿಹರದ ಭಾವ, 10:20
ನಮ್ಮ ಓಣಿ ಫರ್ನಿಚರ್ ಅಂಗಡಿಯಾಗೆ ಚೂರು ಪುಕ್ಕಟೆ ಸಿಗ್ತಾವೆ.

ದೊಡ್ಡಪ್ಪ, 10:21
ಪ್ಲೈವುಡ್ ಅಂಟು, ಪಾಲಿಶ್ ತಿನ್ನಾಕಾ?

ಹರಿಹರದ ಭಾವ, 10:30
ಎಲ್ಲಾದ್ರಾಗೂ ನಂದೇ ತಪ್ಪು. ಸರಿ, ಆ ಫಾರ್ವರ್ಡ್‌ನಾಗೆ ಕೋಳಿಗೆ 165 ಡಿಗ್ರಿ ಅಂತ ಐತೆ. ನೀರು ಕುದಿಯಾದೇ 100. 165 ಅಂದ್ರೆ ಕೋಳಿ ಇದ್ದಿಲಾಗಲ್ವಾ? ಇದಕ್ಕೆ ಏನಂತೀರಿ ಬಾಯ್ಲರ್ ಮಾವ?

ಈ ಒಂದು ಪ್ರಶ್ನೆಗೆ ಭಾವನಿಗೆ ಪೂರ್ತಿ ಅಂಕ ಕೊಡಬೇಕು. ಫಾರ್ವರ್ಡ್ ಮಾಡಿದವರಲ್ಲಿ ಎಷ್ಟು ಜನ ಇದನ್ನ ಯೋಚಿಸಿರ್ತಾರೆ?

ತಮ್ಮ, 10:34
ಅದು ಫ್ಯಾರನ್‌ಹೀಟ್ ಭಾವ. ಅಮೆರಿಕದ ಲೆಕ್ಕ. ನಮ್ಮ ಲೆಕ್ಕಕ್ಕೆ 74. ಸ್ಮೋಕರ್ ಬಾಗಿಲ ಮೇಲಿನ ಮೀಟರೂ ಅದೇ. 225 ತೋರಿಸಿದ್ರೆ ಒಳಗಿನ ಗಾಳಿ 107.

ಹರಿಹರದ ಭಾವ, 10:35
ಮತ್ತೆ ಅದನ್ನ ಬರೀಬಾರದಾ ಅವ್ರು!

ಚನ್ನಗಿರಿ ಅತ್ತೆ, 10:41
ಎಷ್ಟಾರ ಇರ್ಲಿ. ಹೋದ ವಾರ ಕೋಳಿ ಒಳಗೆ ಗುಲಾಬಿ ಇತ್ತು. ಹಸಿ. ನಾನು ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೆ.

ತಂಗಿ, 10:52
ಅತ್ತೆ, ಹೊಗೆಯಲ್ಲಿ ಬೆಂದ ಮಾಂಸ ಪೂರ್ತಿ ಬೆಂದ್ರೂ ಗುಲಾಬಿಯಾಗಿ ಉಳಿಯಬಹುದು. ಹೊಗೆಯಲ್ಲಿರೋ ನೈಟ್ರಿಕ್ ಆಕ್ಸೈಡು, ಕಾರ್ಬನ್ ಮಾನಾಕ್ಸೈಡು ಮಾಂಸದ ಕೆಂಪಿಗೆ ಅಂಟ್ಕೊಂಡು ಬಣ್ಣ ಹಿಡಿದಿಡ್ತಾವೆ. ರಕ್ತಕ್ಕೆ ಮಾಡೋದನ್ನೇ ಮಾಂಸಕ್ಕೂ ಮಾಡೋದು. ಆದ್ರೆ ನಿಮ್ಮ ಅನುಮಾನನೂ ಸುಳ್ಳಲ್ಲ, ಎರಡು ಸಲ ಆರಿತ್ತಲ್ಲ. ಬಣ್ಣ ನೋಡಿ ಹಸಿ ಅನ್ನೋಕೂ ಆಗಲ್ಲ, ಬೆಂದಿದೆ ಅನ್ನೋಕೂ ಆಗಲ್ಲ. ತೊಡೆಯ ದಪ್ಪ ಜಾಗಕ್ಕೆ, ಮೂಳೆಗೆ ತಾಗದಂಗೆ ಥರ್ಮಾಮೀಟರ್ ಚುಚ್ಚಬೇಕು. 74. ಮೀನಿಗೆ 63 ಸಾಕು. ಅರೆಬಿಸಿಯಲ್ಲಿ, ಅಂದ್ರೆ 4ರಿಂದ 60ರ ಮಧ್ಯೆ, ಗಂಟೆಗಟ್ಟಲೆ ಕೂತ ಕೋಳಿ ಅಂದ್ರೆ ಬ್ಯಾಕ್ಟೀರಿಯಾಗೆ ಹಬ್ಬ.

ದೊಡ್ಡಮ್ಮ, 11:30
ಆ ಪೆಟ್ಟಿಗೆಯಾಗೆ ಬೆಣ್ಣೆ ಇಟ್ರೆ ಹೊಗೆ ಹಿಡಿತೈತಾ? ದೋಸೆ ಮ್ಯಾಲೆ ಹಾಕಾಕೆ.

ತಮ್ಮ, 11:33
107 ಡಿಗ್ರೀಲಿ ಬೆಣ್ಣೆ ತುಪ್ಪ ಆಗುತ್ತೆ ದೊಡ್ಡಮ್ಮ. ಅದಕ್ಕೆ ತಣ್ಣನೆ ಹೊಗೆ ಬೇಕು, ಈ ಗ್ಯಾಸಿನದರಲ್ಲಿ ಆಗಲ್ಲ.

ಹರಿಹರದ ಭಾವ, 11:34
ದಾವಣಗೆರೆ ಬೆಣ್ಣೆಗೂ ಕೈ ಹಾಕಿದ್ರಾ. ಇನ್ನೇನ್ ಉಳೀತು.

ಮಧ್ಯಾಹ್ನ ಮೆನು ಚರ್ಚೆ ನಡೆಯಿತು. ಬದನೆಕಾಯಿ, ಇಡೀ ಬೆಳ್ಳುಳ್ಳಿ ಗಡ್ಡೆ, ಹಸಿಮೆಣಸಿನಕಾಯಿ, ಪನೀರ್. ಕೋಳಿಗೆ ಹಿಂದಿನ ರಾತ್ರಿಯೇ ಉಪ್ಪು, ಅರಿಶಿನ ಹಚ್ಚಿ ಫ್ರಿಜ್ಜಿನಲ್ಲಿಡೋದು. ಕೊನೆಗೆ ಚರ್ಮ ರಬ್ಬರಿನಂಗೆ ಆಗದಿರಲಿ ಅಂತ ಕಾದ ಕಾವಲಿ ಮೇಲೆ ಒಂದು ಸಲ ಮಗುಚೋದು. ಜಾಗವೂ ಅಂಗಳಕ್ಕೇ ಇತ್ಯರ್ಥ, ಗೋಡೆಯಿಂದ ಹತ್ತಡಿ ದೂರ. ಭಾವ ಅದಕ್ಕೊಂದು ಹೆಬ್ಬೆರಳೂ ಹಾಕಿದರು. ಇಷ್ಟೆಲ್ಲ ಆದ ಮೇಲೆ, 4:20ಕ್ಕೆ, ಬಟ್ಟೆ ಮಡಚ್ತಾ ಅಜ್ಜಿಯ ವಾಯ್ಸ್ ನೋಟ್ ಹಾಕಿದೆ. ಬೆಳಗ್ಗೆ ಅದಕ್ಕೆ ಕೈಮುಗಿದವರ ಸಾಲಿನಲ್ಲಿ ನಾನೂ ಇದ್ದೀನಲ್ಲ.

ಮೊದಲ ಎರಡು ನಿಮಿಷ ಮೊಣಕಾಲು, ಹಾಲಿನವನು, ಎರಡು ಕೆಜಿ ಬದನೆಕಾಯಿ. ಆಮೇಲೆ ಹೀಗಿತ್ತು:

"...ಮತ್ತೆ ಆ ಪೆಟ್ಟಿಗೆ ವಿಚಾರ. ಸಿಲಿಂಡರ್ ಶೆಡ್ಡಿಗೆ ತಂದಿಟ್ಟಾಗ್ಲಿಂದ ನನ್ನ ರೂಮಿನಾಗೆ ಒಂದು ಕೆಟ್ಟ ವಾಸ್ನೆ. ಮೊದ್ಲು ಇಲಿ ಸತ್ತೈತೆ ಅನ್ಕೊಂಡೆ. ನಿನ್ನೆ ನೆಲದ ಮ್ಯಾಲೆ ಕುಂತು ಬೆಳ್ಳುಳ್ಳಿ ಸುಲಿತಿದ್ದೆ, ಘಂ ಅಂತ ಬಂತು. ಎದ್ದು ನಿಂತೆ, ಇಲ್ಲ. ಮತ್ತೆ ಕುಂತೆ, ಬಂತು. ಮಂಚದ ಮ್ಯಾಲೆ ಮಲಗಿದ್ರೆ ಬರಲ್ಲ. ಅದಕ್ಕೇ ರಾತ್ರಿ ದೀಪ ಹಚ್ಚಲಿಲ್ಲ. ಯಾರಾರ ನೋಡ್ರಪ್ಪಾ."

ನಾನು ಗುಂಪಿಗೆ ಬರೆಯಲಿಲ್ಲ. ನೇರ ತಮ್ಮನಿಗೆ ಫೋನ್. ಎತ್ತಲಿಲ್ಲ. ಆಮೇಲೆ ಗುಂಪಿಗೆ.

ನಾನು, 4:25
ಎಲ್ರೂ ಅಜ್ಜಿ ವಾಯ್ಸ್ ನೋಟ್ ಕೇಳಿ. 2 ನಿಮಿಷದ ನಂತರದ್ದು. ಈಗಲೇ.

ದೊಡ್ಡಪ್ಪ, 4:28
ಗ್ಯಾಸ್ ಸೋರ್ತೈತೆ. ಗಾಳಿಗಿಂತ ಭಾರ ಅದು, ನೆಲ ಹಿಡಿತೈತೆ. ಅವ್ವನ್ನ ಮುಂದಿನ ಬಾಗಿಲಿಂದ ಆಚೆ ಕರ್ಕೊಂಡು ಬರ್ರಿ. ಯಾರೂ ಸ್ವಿಚ್ ಮುಟ್ಬ್ಯಾಡ್ರಿ. ಹಾಕೋದೂ ಬ್ಯಾಡ, ಆರಿಸೋದೂ ಬ್ಯಾಡ. ಸ್ಕೂಟರ್ ಚಾಲೂ ಮಾಡ್ಬ್ಯಾಡ್ರಿ.

ತಮ್ಮ, 4:31
ಅಜ್ಜಿ ಆಚೆ ಬಂದ್ರು. ಶಟರ್ ನಿಧಾನ ಎತ್ತಿದೆ. ಕಿಟಕಿ ತೆಗೆದೆ. ಆದ್ರೆ ನಾನು ಹೋದ ವಾರನೇ ಬಂದ್ ಮಾಡಿದ್ದೆ ದೊಡ್ಡಪ್ಪ!

ದೊಡ್ಡಪ್ಪ, 4:32
ಎಲ್ಲಿ ಬಂದ್ ಮಾಡಿದ್ದೆ? ಆಚೆ ಬಂದು ಹೇಳು.

ತಮ್ಮ, 4:36
ಆಚೇನೇ ಇದೀನಿ. ಸ್ಮೋಕರ್ ನಾಬ್. ಅಮೆರಿಕದ ರೆಗ್ಯುಲೇಟರ್ ನಮ್ಮ ಸಿಲಿಂಡರಿಗೆ ಕೂರಲ್ಲ. ಒಬ್ಬ ವೆಲ್ಡರ್ ಹತ್ರ ಹಿತ್ತಾಳೆ ಅಡಾಪ್ಟರ್ ಮಾಡಿಸಿದ್ದೆ. ಅದು ಸಿಲಿಂಡರ್ ಮೇಲೇ ಇತ್ತು.

ದೊಡ್ಡಪ್ಪ ಆಗ ಬರೆದಿದ್ದರಲ್ಲಿ ಮೊದಲ ವಾಕ್ಯ ಇಲ್ಲಿ ಹಾಕೋ ಹಾಗಿಲ್ಲ. ಉಳಿದಿದ್ದು ಹೀಗೆ:

ದೊಡ್ಡಪ್ಪ, 4:41
ಅಮೆರಿಕದ ಸಿಲಿಂಡರಿಗೆ ತಲೆ ಮ್ಯಾಲೆ ತಿರುಗಿಸೋ ವಾಲ್ವ್ ಐತೆ. ನಮ್ಮ ಮನೆ ಸಿಲಿಂಡರಿಗೆ ಏನೈತೆ? ಬಾಯಾಗೆ ಒಂದು ಪಿನ್. ಅದನ್ನ ಒತ್ತಿದ್ರೆ ಗ್ಯಾಸ್, ಬಿಟ್ರೆ ಬಂದ್. ಆನ್ ಆಫ್ ಇರೋದು ನಮ್ಮ ರೆಗ್ಯುಲೇಟರ್‌ನಾಗೆ. ನೀನು ಅದನ್ನೇ ತೆಗೆದು ಹಿತ್ತಾಳೆ ತುಂಡಿನಿಂದ ಪಿನ್ ಒತ್ತಿಟ್ಟಿದೀಯ. ನಾಬ್ ಬಂದ್ ಮಾಡಿದ್ರೇನು, ಸಿಲಿಂಡರಿನ ಪೂರ್ತಿ ಪ್ರೆಶರ್ ವಾರ ಪೂರ್ತಿ ಆ ಅಡಾಪ್ಟರಿನ ಥ್ರೆಡ್ ಮ್ಯಾಲೆ ಕುಂತೈತೆ. ಇದರಾಗೆ ಶೆಡ್ ಒಳಗೆ ಬೆಂಕಿ ಹಚ್ಚಾಕೆ ಹೊಂಟಿದ್ರಿ.

ತಂಗಿ, 4:43
1906ಕ್ಕೆ ಫೋನ್ ಮಾಡಣ್ಣ, ಗ್ಯಾಸ್ ಸೋರಿಕೆ ನಂಬರ್ ಅದೇ. ಮಾಡಿದ್ಯಾ?

ತಮ್ಮ, 4:44
ಈಗ ಮಾಡ್ತಾ ಇದೀನಿ. ರಸ್ತೆಯಲ್ಲಿದೀವಿ.

ಏಜೆನ್ಸಿಯ ಮೆಕ್ಯಾನಿಕ್ ಬಂದು ಸಿಲಿಂಡರ್ ಬಯಲಿಗೆ ಒಯ್ದು, ಅಡಾಪ್ಟರ್ ಬಿಚ್ಚುವ ಮುಂಚೆ ಸೋಪಿನ ನೀರು ಬಳಿದ. ತಮ್ಮ ದೂರದಿಂದ ತೆಗೆದ ವಿಡಿಯೋ 5:50ಕ್ಕೆ ಬಂತು. ಅಡಾಪ್ಟರಿನ ಥ್ರೆಡ್ ಸುತ್ತ ಗುಳ್ಳೆ ಏಳ್ತಾನೇ ಇದ್ದವು, ಮಕ್ಕಳು ಊದೋ ಗುಳ್ಳೆ ಥರ. ಬರ್ನರಿಗೆ ನಮ್ಮ ರೆಗ್ಯುಲೇಟರು, ಐಎಸ್‌ಐ ಗುರುತಿನ ಕಿತ್ತಳೆ ಪೈಪು ಕೂರುವ ಹಾಗೆ ನಾಝಲ್ ಬದಲಿಸೋಕೆ ಆಗುತ್ತೋ ನೋಡ್ತೀನಿ, ಅಲ್ಲಿವರೆಗೆ ಹಚ್ಚಬೇಡಿ ಅಂತ ಹೇಳಿ ಹೋದನಂತೆ.

ಹರಿಹರದ ಭಾವ, 6:05
[ಈ ಮೆಸೇಜ್ ಅಳಿಸಲಾಗಿದೆ]

ಅಳಿಸಿದ್ದು ಬೆಳಗ್ಗಿನ ಫಾರ್ವರ್ಡ್ ಅಲ್ಲ. ಅದು ಇನ್ನೂ ಹಾಗೇ ಇದೆ, ಎರಡು ಹೆಬ್ಬೆರಳ ಸಮೇತ.

ಹರಿಹರದ ಭಾವ, 6:09
ನಾಳೆ ಬರಬೇಕೋ ಬ್ಯಾಡೋ ಹೇಳ್ರಿ.

ಚನ್ನಗಿರಿ ಅತ್ತೆ, 6:10
ಮೀನು ಆಗ್ಲೇ ಹೇಳೀನಿ.

ಅಜ್ಜಿ, 6:30
[ವಾಯ್ಸ್ ನೋಟ್, 1 ನಿಮಿಷ 40 ಸೆಕೆಂಡ್]

ಒಂದು ನಿಮಿಷ ನಲವತ್ತು ಸೆಕೆಂಡ್ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ.

ಹರಿಹರದ ಭಾವ, 6:32
ಆತು ಅಜ್ಜಿ. ಹಿತ್ತಲಿನ ಒಲೆಗೆ ಸೌದೆ ನಾನೇ ತರ್ತೀನಿ. ಜಾಲಿ ಸಾಕಾ, ಹುಣಸೆ ಬೇಕಾ?