ಅಮ್ಮನ್ನ ಕ್ವೀರ್ ಫಿಲ್ಮ್ ಫೆಸ್ಟಿವಲ್‌ಗೆ ಕರ್ಕೊಂಡು ಹೋಗ್ಬೋದಾ?

ತಿಪಟೂರು ಹುಡುಗ:
ನಮಸ್ಕಾರ ಎಲ್ರಿಗೂ. ನಾನು ಗೇ, 29 ವರ್ಷ, ಬೆಂಗಳೂರಲ್ಲಿ ಕೆಲಸ. ಎರಡು ವರ್ಷದ ಹಿಂದೆ ಅಮ್ಮಂಗೆ ಹೇಳ್ದೆ, ಅವತ್ತು ಅವರು ಏನೂ ಮಾತಾಡ್ಲಿಲ್ಲ, ಮೊರ ಎಳ್ಕೊಂಡು ಹುರುಳಿಕಾಳು ಆರಿಸ್ತಾ ಕೂತ್ಬಿಟ್ರು, ಅಲ್ಲಿಂದ ಇಲ್ಲೀವರೆಗೂ ಆ ವಿಷಯ ನಮ್ಮಿಬ್ರ ಮಧ್ಯೆ ಬಂದೇ ಇಲ್ಲ. ಈಗ ಒಂದು ತಿಂಗಳು ನನ್ ಜೊತೆ ಇರೋಕೆ ಬಂದಿದಾರೆ. ಮೊನ್ನೆ ಫ್ರೆಂಡ್ ಹತ್ರ ಫೋನಲ್ಲಿ ಕ್ವೀರ್ ಫಿಲ್ಮ್ ಫೆಸ್ಟಿವಲ್, ಅಂದ್ರೆ ಗೇ, ಲೆಸ್ಬಿಯನ್, ಟ್ರಾನ್ಸ್ ಜನರ ಸಿನಿಮಾ ಹಬ್ಬದ ಬಗ್ಗೆ ಮಾತಾಡ್ತಿದ್ದೆ, ಇಟ್ಟ ತಕ್ಷಣ ಅಮ್ಮ "ಅದೇನೋ ಸಿನಿಮಾ ಹಬ್ಬ ಅಂತಿದ್ಯಲ್ಲ, ನಿಮ್ಮೋರದ್ದಾ? ನಾನೂ ಬರ್ಲಾ?" ಅಂದ್ರು. ನಂಗೆ ಬಾಯಿ ಕಟ್ಟೋಯ್ತು. ಕರ್ಕೊಂಡು ಹೋಗೋ ಆಸೆ ತುಂಬಾ ಇದೆ ಆದ್ರೆ ಅವ್ರಿಗೆ ಇಂಗ್ಲಿಷ್ ಬರಲ್ಲ, ಮತ್ತೆ ಎಂಥೆಂಥ ಸೀನ್ ಇರುತ್ತೋ ಅಂತ ಭಯ. ಯಾರಾದ್ರೂ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದೀರಾ?

ಮಲ್ಲೇಶ್ವರಂ ಅಕ್ಕ:
ಓದಿ ಕಣ್ಣಲ್ಲಿ ನೀರು ಬಂತಪ್ಪ. ಅವರೇ ಕೇಳಿದಾರೆ ಅಂದ್ಮೇಲೆ ಕರ್ಕೊಂಡು ಹೋಗು. ನಾನು, ನನ್ ಪಾರ್ಟ್ನರ್ ಇಬ್ರೂ ಬೆಂಗಳೂರು ಕ್ವೀರ್ ಫಿಲ್ಮ್ ಫೆಸ್ಟಿವಲ್‌ಗೆ ಸುಮಾರು ವರ್ಷದಿಂದ ಹೋಗ್ತಿದೀವಿ. ನಮ್ಮಂಥೋರ ಸಂಬಂಧಾನ ಅಪರಾಧ ಅಂತಿದ್ದ ಕಾನೂನು ಸೆಕ್ಷನ್ 377, ಅದು ಅಪರಾಧ ಅಲ್ಲ ಅಂತ ದೆಹಲಿ ಹೈಕೋರ್ಟ್ ತೀರ್ಪು ಬಂದಿದ್ದು 2009ರ ಜುಲೈ 2ಕ್ಕೆ. 2013ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕ್ತು, 2018ರ ಸೆಪ್ಟೆಂಬರ್ 6ಕ್ಕೆ ಅದೇ ಕೋರ್ಟ್ ಅಪರಾಧ ಅಲ್ಲ ಅನ್ನೋವರೆಗೂ ನಾವೆಲ್ಲ ಮತ್ತೆ ಅಪರಾಧಿಗಳೇ, ಆಗ್ಲೂ ಕಮ್ಯುನಿಟಿಯವರೇ ಕೈಯಿಂದ ದುಡ್ಡು ಹಾಕಿ, ಆಫೀಸ್ ಮುಗಿಸ್ಕೊಂಡು ಬಂದು ಕುರ್ಚಿ ಜೋಡಿಸಿ ಫೆಸ್ಟಿವಲ್ ನಡೆಸ್ಕೊಂಡು ಬಂದ್ರು. ಟಿಕೆಟ್ ಇಲ್ಲ, ಹೆಸರು ಕೊಟ್ರೆ ಸಾಕು. ನಾನು ಹೆಚ್ಚಾಗಿ ನೋಡಿದ್ದು ವಸಂತನಗರದಲ್ಲಿ ಫ್ರೆಂಚ್ ಕಲಿಸೋ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೇಸಲ್ಲಿ. ಒಂದ್ಸಲ ನನ್ ಮುಂದಿನ ಸಾಲಲ್ಲಿ ಮಲ್ಲಿಗೆ ಮುಡಿದಿದ್ದ ಒಬ್ರು ಅಮ್ಮ ಕೂತಿದ್ರು, ಪಕ್ಕದ ಹುಡುಗಿ ಯಾರೋ ಗೊತ್ತಿಲ್ಲ, ಸಿನಿಮಾ ನೋಡ್ತಾ ಅಳೋಕೆ ಶುರು ಮಾಡಿದ್ಲು. ಆ ಅಮ್ಮ ಪರದೆ ಮೇಲಿಂದ ಕಣ್ಣು ತೆಗೀದೇನೇ ಸೆರಗಿನ ತುದಿ ಅವಳ ಕೈಗೆ ಕೊಟ್ರು, ಅಷ್ಟೇ. ಸಿನಿಮಾ ಯಾವ್ದು ಅಂತ ಮರ್ತೇಹೋಗಿದೆ, ಅದು ಮಾತ್ರ ಮರೆತಿಲ್ಲ. ಸಬ್‌ಟೈಟಲ್ ಹೆಚ್ಚಾಗಿ ಇಂಗ್ಲಿಷೇ ಇರುತ್ತೆ ನಿಜ, ಹಿಂದಿನ ಸಾಲಲ್ಲಿ ಮೂಲೆಗೆ ಕೂತ್ಕೊಂಡು ಕಿವಿಯಲ್ಲಿ ಹೇಳ್ತಾ ಹೋಗು, ಯಾರೂ ಬೇಜಾರ್ ಮಾಡ್ಕೊಳಲ್ಲ.

ಸುಮ್ನೆ ಓದೋನು:
ನಾನು ಸ್ವಲ್ಪ ಬೇರೆ ಹೇಳ್ತೀನಿ ಬ್ರೋ. ನಮ್ಮಪ್ಪನ್ನ ಇಂಥದ್ದೇ ಒಂದು ಸ್ಕ್ರೀನಿಂಗ್‌ಗೆ ಕರ್ಕೊಂಡು ಹೋಗಿದ್ದೆ, ಪ್ರೋಗ್ರಾಂ ಓದ್ದೇ ಹೋಗಿದ್ದು ನನ್ ತಪ್ಪು, ಮೊದಲನೇ ಶಾರ್ಟ್ ಫಿಲ್ಮಲ್ಲೇ ಬೆಡ್‌ರೂಮ್ ಸೀನು, ಅಪ್ಪ ಎದ್ದು ಹೊರಗೆ ಹೋದ್ರು, ಬಸ್‌ಸ್ಟಾಪಲ್ಲಿ ಒಬ್ರೇ ಕೂತಿದ್ರು, ಆ ಮುಖ ಇನ್ನೂ ಕಣ್ಮುಂದಿದೆ. ಮೊದ್ಲು ಮನೇಲಿ ಒಂದು ತೋರ್ಸು. ಮಮ್ಮೂಟ್ಟಿ ಮಾಡಿರೋ ಮಲಯಾಳಂ ಸಿನಿಮಾ ಕಾದಲ್ ಇದೆಯಲ್ಲ, 2023ರದ್ದು, ಅದ್ರಲ್ಲಿ ನೋಡೋಕೆ ಮುಜುಗರ ಆಗೋದು ಏನೂ ಇಲ್ಲ, ಗೇ ಗಂಡ, ಅವನ ಹೆಂಡತಿ, ಪೂರ್ತಿ ಸಂಸಾರದ ಕಥೆ. ಅದನ್ನ ಹೇಗೆ ತಗೋತಾರೆ ನೋಡ್ಕೊಂಡು ಆಮೇಲೆ ಹಾಲ್‌ಗೆ ಹೋಗಿ.

ಮಾಟುಂಗಾ ಕನ್ನಡಿಗ:
ಮೇಲಿನವರು ಹೇಳಿದ್ದು ಸರಿ, ಆದ್ರೆ ಮನೇಲಿ ನೋಡೋದೇ ಬೇರೆ, ಹಾಲಲ್ಲಿ ನೋಡೋದೇ ಬೇರೆ. ಮುಂಬೈಯಲ್ಲಿ ಕಶಿಶ್ ಅಂತ ಇಂಥದ್ದೇ ಫೆಸ್ಟಿವಲ್ 2010ರಿಂದ ನಡೀತಿದೆ, ನಾನು ಲಿಬರ್ಟಿ ಥಿಯೇಟರಲ್ಲಿ ನೋಡಿದೀನಿ, ಒಂದೇ ಪರದೆಯ ಹಳೇ ದೊಡ್ಡ ಥಿಯೇಟರು, ಹಿಂದಿ ಸಿನಿಮಾ ಹಾಕೋ ಪರದೆ ಮೇಲೆ ನಮ್ಮ ಕಥೆ, ಅಷ್ಟು ಜನ ಒಟ್ಟಿಗೆ ಚಪ್ಪಾಳೆ ಹೊಡೆದಾಗ ಮೈ ಜುಮ್ ಅಂತು. ಇಷ್ಟು ವಯಸ್ಸಾದ್ರೂ ನಾನು ಊರಲ್ಲಿ ಯಾರಿಗೂ ಹೇಳಿಲ್ಲ. ನಿಮ್ಮಮ್ಮ ಅದನ್ನ ಒಂದ್ಸಲ ನೋಡ್ಲಿ, ಮಗ ಒಂಟಿ ಅಲ್ಲ ಅಂತ ಅವ್ರಿಗೆ ಗೊತ್ತಾಗುತ್ತೆ. ಕನ್ನಡದ್ದೇ ಬೇಕಂದ್ರೆ "ನಾನು ಅವನಲ್ಲ ಅವಳು" ಸಿನಿಮಾ ತೋರಿಸ್ಬೋದು, ಸಂಚಾರಿ ವಿಜಯ್‌ಗೆ ರಾಷ್ಟ್ರ ಪ್ರಶಸ್ತಿ ಬಂದಿದ್ದು. ಆದ್ರೆ ಅದು ಹುಡುಗನಾಗಿ ಹುಟ್ಟಿ ಹೆಣ್ಣಾಗಿ ಬದುಕೋ ಟ್ರಾನ್ಸ್ ಹೆಣ್ಣಿನ ಕಥೆ, ನಿಮ್ದು ಬೇರೆ ಅಂತ ಮೊದ್ಲೇ ಬಿಡ್ಸಿ ಹೇಳಿ, ಇಲ್ದಿದ್ರೆ ಮಗನೂ ಹೀಗೇ ಆಗ್ತಾನಾ ಅಂತ ರಾತ್ರಿಯೆಲ್ಲ ನಿದ್ದೆ ಮಾಡಲ್ಲ ಪಾಪ.

ತಿಪಟೂರು ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕಾದಲ್ ಹಾಕ್ದೆ, ನಿಲ್ಸಿ ನಿಲ್ಸಿ ಕನ್ನಡದಲ್ಲಿ ಹೇಳ್ತಾ ಹೋದೆ. ಅಮ್ಮ ಮಮ್ಮೂಟ್ಟಿ ಬಗ್ಗೆ ಏನೂ ಹೇಳ್ಲಿಲ್ಲ, ಪೂರ್ತಿ ಹೆಂಡತಿ ಪಾತ್ರ ಮಾಡಿರೋ ಜ್ಯೋತಿಕಾನ್ನೇ ನೋಡ್ತಿದ್ರು. ಮುಗಿದ್ಮೇಲೆ ಲೈಟ್ ಹಾಕೋಕೆ ಎದ್ದೆ, ಬೇಡ ಇರ್ಲಿ ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ "ನೀನು ಹೇಳೋಕೆ ಮುಂಚೆ ಅರಸೀಕೆರೆ ಕಡೆದೊಂದು ಹುಡುಗಿ ನೋಡಿಟ್ಟಿದ್ದೆ ಕಣೋ, ಆ ಮಗೂನೂ ಹಿಂಗೇ ಕೂರ್ತಿತ್ತೇನೋ" ಅಂದ್ರು. ಎರಡು ವರ್ಷದಲ್ಲಿ ಮೊದಲ ಮಾತು ಇದು.

ಶನಿವಾರ ಮಧ್ಯಾಹ್ನದ ಶೋಗೆ ಹೋಗ್ತಿದೀವಿ, ಪ್ರೋಗ್ರಾಂ ಎರಡು ಸಲ ಓದಿದೀನಿ. ಮಲ್ಲೇಶ್ವರಂ ಅಕ್ಕ, ನೀವೂ ಬರೋದಾದ್ರೆ ಮೆಸೇಜ್ ಮಾಡಿ, ಅಮ್ಮಂಗೆ ಪಕ್ಕದಲ್ಲಿ ಹೆಂಗಸ್ರು ಯಾರಾದ್ರೂ ಇದ್ರೆ ಧೈರ್ಯ.

ಮಲ್ಲೇಶ್ವರಂ ಅಕ್ಕ:
ಬರ್ತೀವಪ್ಪ, ಇಬ್ರೂ ಬರ್ತೀವಿ. ಅಮ್ಮಂಗೆ ಅಂತ ಮೂಲೆ ಸೀಟು ಹಿಡಿದಿಟ್ಟಿರ್ತೀನಿ.